ಸ್ಯಾನ್ ರಮೋನಿನಲ್ಲಿ ಕೂತು ಲಂಡನ್ನಿನ ದಾರಿ ಹೇಳುವವಳು

ನನ್ನ ವಾರಗಿತ್ತಿ ಹಂಸಾ ಸ್ಯಾನ್ ರಮೋನಿಗೆ ಬಂದು ಇಪ್ಪತ್ತಮೂರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳು ಇಲ್ಲಿಯ ಹೆದ್ದಾರಿ, ಫ್ರೀವೇ ಮೇಲೆ ಕಾರು ಓಡಿಸಿಲ್ಲ. ಲೈಸೆನ್ಸ್ ಇದೆ, ಕಾರಿದೆ, ಧೈರ್ಯವಿಲ್ಲ. ದೇವಸ್ಥಾನ, ಹಲ್ಲಿನ ಡಾಕ್ಟರು, ಇಂಡಿಯನ್ ಗ್ರೋಸರಿ, ಎಲ್ಲಕ್ಕೂ ಸಾರಥಿ ನಾನೇ. ‘ಮನೇಲಿ ಹುಲಿ, ಬೀದೀಲಿ ಇಲಿ’ ಎಂದು ಅವಳೆದುರಿಗೇ ಆಡಿದ್ದೇನೆ. ಅವಳು ನಕ್ಕುಬಿಡುತ್ತಾಳೆ. ನನಗೆ ಅದಕ್ಕೂ ಸಿಟ್ಟು ಬರುತ್ತದೆ.

ಮಗಳು ಗಾರ್ಗಿ ಕಾಲೇಜಿಗೆ ಹೋದ ಮೇಲೆ ಹಂಸಾ ಒಂದು ಕೆಲಸ ಹಿಡಿದಳು. ಮನೆಯಲ್ಲೇ ಕೂತು ಮಾಡುವ ಕೆಲಸ, ಆದರೆ ಕೆಲಸದ ಊರು ಲಂಡನ್. ಅಲ್ಲಿ ಕಣ್ಣು ಕಾಣದವರು ಪುಟ್ಟ ಕ್ಯಾಮೆರಾ ಇರುವ ಕನ್ನಡಕ ಹಾಕಿಕೊಂಡು ಬೀದಿಗಿಳಿದು ಕರೆ ಮಾಡುತ್ತಾರೆ. ಅವರ ಮುಂದಿರುವ ರಸ್ತೆ ಇವಳ ಕಂಪ್ಯೂಟರಿನಲ್ಲಿ ಕಾಣುತ್ತದೆ. ಇವಳು ಅವರ ಕಿವಿಯಲ್ಲಿ ದಾರಿ ಹೇಳುತ್ತಾ ಹೋಗುತ್ತಾಳೆ. ನಮ್ಮ ಬೆಳಗಿನ ಐದರಿಂದ ಹನ್ನೊಂದು, ಅಲ್ಲಿಯ ಮಧ್ಯಾಹ್ನ ಒಂದರಿಂದ ಸಂಜೆ ಏಳು. ಫ್ರೀವೇಗೆ ಹೆದರುವವಳು ಲಂಡನ್ನಿನಲ್ಲಿ ಜನರಿಗೆ ರಸ್ತೆ ದಾಟಿಸುತ್ತಾಳಂತೆ ಎಂದು ನಾನು ನಮ್ಮ ಮನೆಯವರ ಹತ್ತಿರ ಹೇಳಿಕೊಂಡು ನಕ್ಕಿದ್ದೂ ಆಯಿತು.

ಐದು ತಿಂಗಳಲ್ಲಿ ಹಂಸಾ ಬೇರೆ ಥರ ಆದಳು. ಊಟಕ್ಕೆ ಕೂತಾಗ ಯಾವ ಗಲ್ಲಿಯ ಮೂಲೆಯಲ್ಲಿ ಬ್ರೆಡ್ಡಿನಂಗಡಿ ಇದೆ, ಯಾವ ಸ್ಟೇಷನ್ನಿಗೆ ಎಷ್ಟು ಮೆಟ್ಟಿಲು ಎಂದು ಹೇಳುವಳು. ಒಂದು ದಿನವೂ ಕಾಲಿಡದ ಊರಿನಲ್ಲಿ ಅವಳು ಬದುಕುತ್ತಿದ್ದಳು. ಆ ಕೆಲಸ ಹೋದರೆ ಮತ್ತೆ ನನ್ನ ಕಾರಿನ ಪಕ್ಕದ ಸೀಟೇ ಗತಿ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಕೆಲಸ ಹೋಗುವ ಹಾಗೆಯೂ ಆಗಿತ್ತು. ಕರೆ ಬಂದ ಕೂಡಲೇ ‘ಎಲ್ಲಿಗೆ ಹೋಗಬೇಕು’ ಎಂದು ಕೇಳಬೇಕು, ಅದು ಕಂಪನಿಯ ಮೊದಲ ನಿಯಮ. ಹಂಸಾ ಮೈಸೂರಿನಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದವಳು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ, ತೀರಾ ಕೇಳಲೇಬೇಕಾದರೆ ‘ದೂರ ಹೊರಟಿರಾ’ ಎನ್ನಬೇಕು ಎಂಬುದು ಆ ಮನೆಯ ಪಾಠ. ನಮ್ಮ ಮನೆಯಲ್ಲೂ ಅದೇ ಪಾಠ. ನಾನು ವಿಮಾನ ಹತ್ತಿದಾಗಲೇ ಅದನ್ನು ಬಿಟ್ಟೆ, ಇವಳು ಬಿಡಲಿಲ್ಲ. ಇಂಗ್ಲಿಷಿನಲ್ಲೂ ‘ಇವತ್ತು ಎಷ್ಟು ದೂರ?’ ಎಂದೇ ಶುರು ಮಾಡುವಳು. ಪಾಪ, ಆ ಜನ ಮೈಲಿ ಲೆಕ್ಕ ಹೇಳುತ್ತಿದ್ದರಂತೆ. ಮೇಲ್ವಿಚಾರಕಿ ಎರಡು ಸಲ ಬರೆದು ಎಚ್ಚರಿಸಿದ್ದಳು. ಮೂರನೆಯ ಸಲ ಹಾಗಾದರೆ ಕೆಲಸದಿಂದ ತೆಗೆಯುವುದಾಗಿ ತಿಳಿಸಿದ್ದಳು.

“ಕೇಳ್ಬಿಡೇ, ನಾಲಿಗೆ ಏನು ಸವೆದುಹೋಗುತ್ತಾ?” ಎಂದೆ.

“ಬಾಯಿಗೇ ಬರಲ್ಲ ಅಕ್ಕ,” ಎಂದಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಸುಮ್ಮನೆ ಹೇಳಿಲ್ಲ.

ಅಕ್ಟೋಬರಿನ ಒಂದು ಗುರುವಾರ ಅವಳನ್ನು ಗ್ರೋಸರಿಗೆ ಕರೆದೊಯ್ಯಲು ಹತ್ತೂಕಾಲಿಗೇ ಹೋದೆ. ಅವಳಿನ್ನೂ ಕೆಲಸದಲ್ಲಿದ್ದಳು. ಅವಳ ಪರದೆಯನ್ನು ಬೇರೆ ಯಾರೂ ನೋಡಕೂಡದು ಎಂಬ ನಿಯಮವಿದೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ತಪ್ಪೇ, ಒಪ್ಪಿಕೊಳ್ಳುತ್ತೇನೆ. ಅವತ್ತು ಹೆಡ್‌ಫೋನ್ ಕೆಟ್ಟು, ಸ್ಪೀಕರಿನಲ್ಲೇ ಮಾತು ನಡೆಯುತ್ತಿತ್ತು. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕಿ ಉರಿಯುತ್ತಿತ್ತು. ಅದು ಉರಿದರೆ ಮೇಲ್ವಿಚಾರಕಿ ಕೇಳಿಸಿಕೊಳ್ಳುತ್ತಿದ್ದಾಳೆ ಎಂದರ್ಥ.

ಕರೆ ಮಾಡಿದ್ದು ಡೊರೀನ್ ಎಂಬ ಮುದುಕಿ. ಹಂಸಾ ಬಾಯಿ ತೆರೆದಳು, ಮುಚ್ಚಿದಳು. ಕೇಳು, ಕೇಳು ಎಂದು ನಾನು ಬಾಗಿಲಿಂದಲೇ ಕೈಸನ್ನೆ ಮಾಡಿದೆ. ಕೊನೆಗೆ ಅವಳ ಬಾಯಿಂದ ಹೊರಟಿದ್ದು ಅದೇ, ಇವತ್ತು ಎಷ್ಟು ದೂರ?

ಡೊರೀನ್, ದೂರವೇನಿಲ್ಲ, ಹತ್ತು ನಿಮಿಷ, ಚರ್ಚಿನ ತನಕ ನೇರ ನಡೆಸು ಎಂದಳು. ಪರದೆಯಲ್ಲಿ ‘ಎಲ್ಲಿಗೆಂದು ಕೇಳಿ’ ಎಂಬ ಸಂದೇಶ ಮೂಡಿತು. ಹಂಸಾ ಅದನ್ನು ಓದಿದಳು, ಆದರೆ ಕೇಳಲಿಲ್ಲ. ಎಡಕ್ಕೆ ಮೂರು ಹೆಜ್ಜೆಗೆ ದೀಪದ ಕಂಬವಿದೆ ಎಂದಷ್ಟೇ ಹೇಳಿ ನಡೆಸಿದಳು.

ಚರ್ಚು ದಾಟಿದ ಮೇಲೆ ಡೊರೀನ್ ತಾನಾಗಿಯೇ ಹೇಳಿದಳು. ಸೋಮವಾರದಿಂದ ನಾಲ್ಕು ಸಲ ಹೊರಟಿದ್ದಳಂತೆ. ನಾಲ್ಕು ಸಲವೂ ಕರೆ ತೆಗೆದುಕೊಂಡವರು ಎಲ್ಲಿಗೆ ಎಂದರಂತೆ. ಉತ್ತರ ಹೇಳಲಾಗದೆ ಫೋನಿಟ್ಟು ಬಾಗಿಲಿಂದಲೇ ಒಳಗೆ ಹೋಗಿದ್ದಳು. ಹೋಗಬೇಕಾದದ್ದು ತಂಗಿಯ ಮನೆಗೆ, ಮುಂದಿನ ಬೀದಿಯ ನೀಲಿ ಬಾಗಿಲಿನ ಮನೆ. ಅಮ್ಮನ ಮನೆ ಮಾರುವಾಗ ಜಗಳವಾಗಿ ಹನ್ನೆರಡು ವರ್ಷದಿಂದ ಮಾತಿರಲಿಲ್ಲ. ಅದರ ಮಧ್ಯೆ ಡೊರೀನಳ ಕಣ್ಣು ಹೋಗಿತ್ತು. ಕಾಯಿಲೆಯ ತಂಗಿಯನ್ನು ನಾಳೆ ಬೆಳಗ್ಗೆ ಅವಳ ಮಗ ಸ್ಕಾಟ್ಲೆಂಡಿಗೆ ಕರೆದೊಯ್ಯುವವನಿದ್ದ. ಇವತ್ತು ಬಿಟ್ಟರೆ ಇನ್ನಿಲ್ಲ. ನೀನೂ ಕೇಳಿದ್ದರೆ ನಾನು ವಾಪಸ್ ಹೋಗುತ್ತಿದ್ದೆ ಎಂದಳು.

ಮೂಲೆಯ ಸಂದೇಶ ಅಳಿಸಿಹೋಗಿ ಅಲ್ಲಿ ‘ಮುಂದುವರಿಸಿ’ ಎಂಬ ಒಂದೇ ಪದ ಬಂತು. ಕೆಂಪು ಚುಕ್ಕಿ ಆರಿತು.

ಅಷ್ಟರಲ್ಲಿ ದಾರಿಗೆ ಅಡ್ಡ ಬೇಲಿ. ಫುಟ್‌ಪಾತು ಅಗೆದು ಹಾಕಿದ್ದರು. ಕತ್ತಲಾಗುತ್ತಿತ್ತು, ಎರಡಂತಸ್ತಿನ ಬಸ್ಸುಗಳು ಪಕ್ಕದಲ್ಲೇ ಹಾಯುತ್ತಿದ್ದವು. ಇನ್ನು ಬೇಡ, ಹಿಂದೆ ಹೋಗೋಣ ಎಂದು ಡೊರೀನ್ ಅಳುದನಿ ತೆಗೆದಳು. ಹಂಸಾ ಮ್ಯಾಪು ಕೂಡ ತೆಗೆಯಲಿಲ್ಲ. ಹಿಂದಕ್ಕೆ ಇಪ್ಪತ್ತು ಹೆಜ್ಜೆ, ಬಲಕ್ಕೆ ಬಟ್ಟೆ ಒಗೆಯುವ ಅಂಗಡಿ, ಅದರ ಪಕ್ಕದ ಓಣಿ ಅದೇ ಬೀದಿಗೆ ಸೇರುತ್ತದೆ, ಸೋಪಿನ ವಾಸನೆ ಬಂದರೆ ಹೇಳಿ ಎಂದಳು. ಬಂತು ಎಂದಳು ಡೊರೀನ್. ವಿಮಾನದಲ್ಲಿ ಹತ್ತು ಗಂಟೆ ಹಾರಬೇಕಾದಷ್ಟು ದೂರದಲ್ಲಿ ಕೂತ ನಮ್ಮ ಹಂಸಾ, ಒಬ್ಬಳು ಮುದುಕಿಯ ಒಂದೊಂದು ಹೆಜ್ಜೆಯನ್ನೂ ಕೈ ಹಿಡಿದಂತೆ ಇಡಿಸುತ್ತಿದ್ದಳು. ಇವಳನ್ನು ನಾನು ಇಪ್ಪತ್ತಮೂರು ವರ್ಷದಿಂದ ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ನೋಡಿಯೇ ಇರಲಿಲ್ಲ. ನಾಚಿಕೆಯಾಯಿತು.

ನೀಲಿ ಬಾಗಿಲು ಬಂತು. ಗಂಟೆಯ ಗುಂಡಿ ಭುಜದ ಎತ್ತರಕ್ಕೆ, ಬಲಗಡೆ ಎಂದು ಹಂಸಾ ಹೇಳಿದಳು. ಡೊರೀನಳ ಬೆರಳು ಪರದೆಯಲ್ಲಿ ತಡಕಾಡುತ್ತಾ ಹೋಗಿ ಅದನ್ನು ಒತ್ತಿತು. ತುಂಬಾ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಕೋಲೂರಿಕೊಂಡ ಬಡಕಲು ಹೆಂಗಸೊಬ್ಬಳು ನಿಂತಿದ್ದಳು.

ಅವಳು ಹೇಗಿದ್ದಾಳೆ ಎಂದು ಡೊರೀನ್ ಪಿಸುಗುಟ್ಟಿದಳು. ಕಂಡದ್ದನ್ನು ಬಿಟ್ಟು ಬೇರೇನೂ ಹೇಳಕೂಡದು ಎಂಬುದೂ ಅವರ ನಿಯಮ. ಹಂಸಾ ಅದನ್ನು ಮುರಿಯಲಿಲ್ಲ. ಕೂದಲು ಬೆಳ್ಳಗಾಗಿದೆ, ತುಂಬಾ ಸಣ್ಣಗಾಗಿದ್ದಾರೆ, ಅಳುತ್ತಿದ್ದಾರೆ, ಕೋಲು ಗೋಡೆಗೆ ಒರಗಿಸಿದರು, ಎರಡೂ ಕೈ ಚಾಚಿದ್ದಾರೆ, ಎರಡು ಹೆಜ್ಜೆ ಮುಂದೆ ಇಡಿ ಎಂದಳು.

ಪರದೆ ಪೂರ್ತಿ ಕಪ್ಪಾಯಿತು.

ಅಯ್ಯೋ, ಈಗಲೇ ನೆಟ್ ಹೋಗಬೇಕಿತ್ತೇ ಎಂದೆ.

ಹಂಸಾ ತಿರುಗದೆಯೇ ತಲೆಯಾಡಿಸಿದಳು. “ನೆಟ್ ಹೋಗಿಲ್ಲ ಅಕ್ಕ. ತಬ್ಕೊಂಡಿದಾರೆ.”