ರಕ್ತ ಪರೀಕ್ಷೆಯ ಮೇಡಂ

ಖಾನಾಪುರದ ಬಳಿ ನಾನು ನರ್ಸ್ ಆಗಿದ್ದ ಸಣ್ಣ ಆಸ್ಪತ್ರೆಗೆ ಬೆಳಗಾವಿಯಿಂದ ಒಬ್ಬ ಮೇಡಂ ಬರುತ್ತಿದ್ದರು. ದಾನಿಗಳ ರಕ್ತದ ಎಚ್‌ಐವಿ ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡುವುದು ಅವರ ಕೆಲಸ. ಯಾವ ಫಲಿತಾಂಶ ತೋರಿಸಿದರೂ ಕನ್ನಡಕವನ್ನು ಹಣೆಗೇರಿಸಿ, "ಇನ್ನೊಮ್ಮೆ ನೋಡೂಣ್ರಿ" ಎನ್ನುತ್ತಿದ್ದರು.

ಹೆಂಡತಿಯ ಹೆರಿಗೆಗೆಂದು ರಕ್ತ ಕೊಟ್ಟ ಜಾಂಬೋಟಿಯ ರೈತನೊಬ್ಬನಿಗೆ ಸೋಂಕಿರಬಹುದೆಂದು ನಮ್ಮ ಪರೀಕ್ಷೆಯಲ್ಲಿ ತೋರಿತು. ಅದನ್ನು ಕೇಳಿದ ಮೇಲೆ ಅವನು ಹುಟ್ಟಿದ ಮಗಳನ್ನು ಮುಟ್ಟಲೇ ಇಲ್ಲ. ಮೇಡಂ ಅವನ ರಕ್ತವನ್ನು ಬೆಳಗಾವಿಗೆ ಒಯ್ದು ಮತ್ತೆ ಪರೀಕ್ಷಿಸಿದರು. ಫೋನ್ ಮಾಡಿದ್ದರೂ ನಡೆಯುತ್ತಿತ್ತು. ನನ್ನನ್ನು ಕರೆದುಕೊಂಡು ಅವನ ಮನೆಗೇ ಹೋದರು.

"ನಿಮಗೇನೂ ಇಲ್ರಿ ಅಣ್ಣಾರ. ತಪ್ಪಿದ್ದು ನಮ್ಮ ಪರೀಕ್ಷಾ."

ಅವನು ಅಳುತ್ತಲೇ ಕೇಳಿದ: "ಹಂಗಾದ್ರ ಕೂಸಿನ್ನ ಎತ್ಕೋಬಹುದೇನ್ರಿ?"

ಮೇಡಂ ತೊಟ್ಟಿಲಿನಿಂದ ಮಗುವನ್ನೆತ್ತಿ ಅವನ ಕೈಗಿಟ್ಟರು.

"ಸೋಂಕು ಇದ್ದಿದ್ರೂ ಎತ್ಕೋಬಹುದಿತ್ರಿ," ಎಂದರು.