ಮೋತ್ಯಾನ ಕೊರಳಿಗೆ ಬಿದಿರಬುಟ್ಟಿ

ರಾಮತೀರ್ಥ ನಗರದ ಪಶುವೈದ್ಯರು ಇಂದು ನಮ್ಮ ನಾಯಿ ಕಾಲಿನ ಗಾಯ ನೆಕ್ಕದಿರಲೆಂದು ಅದರ ಕೊರಳಿಗೆ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ ತೊಡಿಸಿದಾಗ ನನಗೆ ಹಲಸಿ ಹಳ್ಳಿಯ ಅಜ್ಜಿಮನೆ ನೆನಪಾಯಿತು.

ಅಲ್ಲಿನ ನಾಯಿ ಮೋತ್ಯಾನ ಹಿಂಗಾಲಿಗೆ ತಂತಿ ಗೀರಿ ಗಾಯವಾಗಿತ್ತು. ಡಾಕ್ಟರು ಕೊಟ್ಟ ಮುಲಾಮನ್ನೆಲ್ಲ ಅದು ನೆಕ್ಕಿಬಿಡುತ್ತಿತ್ತು. ಗಾಯ ಅಗಲವಾಗುತ್ತ ಹೋಗಿ, ಕಾಲೇ ಹೋದೀತೆಂಬ ಭಯ ಹುಟ್ಟಿತು. ರಾಶಿ ಮಾಡುವಾಗ ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಬಲೆಯನ್ನು ಕಾಕಾ ತಂದರು.

"ಬಾಯಿ ಕಟ್ಟಿದ್ರ ನೀರ ಹ್ಯಾಂಗ ಕುಡೀಬೇಕೋ? ಸೆಕಿಗೆ ನಾಲಿಗಿ ಹೊರಗ ಹಾಕೂದು ಬ್ಯಾಡೇನು?" ಎಂದು ಅಜ್ಜಿ ಅದನ್ನು ಕಸಿದುಕೊಂಡಳು. ಹಳೆಯ ಬಿದಿರಬುಟ್ಟಿಯ ತಳದಲ್ಲಿ ಕೊರಳಿನಷ್ಟು ತೂತು ಮಾಡಿ, ಅಂಚಿಗೆ ಮೆತ್ತನೆಯ ಬಟ್ಟೆ ಸುತ್ತಿ, ಮೋತ್ಯಾನಿಗೆ ತೊಡಿಸಿದಳು.

"ಆಯೀ, ನಾಯಿಗಿ ಬಾಸಿಂಗ ಕಟ್ಟೀರಿ, ಲಗ್ನ ಯಾವಾಗ್ರೀ?" ಎಂದಳು ಬಾಜು ಮನೆಯ ಶಾಂತವ್ವ.

"ಮದಲ ಗಾಯ ಮಾಯ್ಲಿ. ಆಮ್ಯಾಲ ನಿಮ್ಮ ಮನಿಗೇ ಹೆಣ್ಣ ಕೇಳಾಕ ಬರ್ತೇವಿ."

ಊಟದ ಹೊತ್ತಿಗೆ ಬುಟ್ಟಿ ಬಿಚ್ಚಿ ಅಜ್ಜಿ ತಾನೇ ಕಾವಲು ಕೂರುತ್ತಿದ್ದಳು. ಗಾಯ ಒಣಗಿತು, ರೋಮ ಬಂತು. ಬುಟ್ಟಿಯನ್ನು ಪೂರ್ತಿ ತೆಗೆದ ದಿನವೇ ಶೇಂಗಾ ಹೊಲಕ್ಕೆ ಮಂಗಗಳು ಇಳಿದವು. ಮೋತ್ಯಾ ನಾಲ್ಕೂ ಕಾಲೂರಿ ಓಡಿತು. ಕೊನೆಯ ಮಂಗ ಮರ ಹತ್ತುವವರೆಗೂ ನಿಲ್ಲಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವಳು ಶಾಂತವ್ವ.

"ಇದು ಮತ್ತ ಓಡ್ತೈತೇನಪ್ಪಾ?" ಎಂದು ಇಂದು ಕಾರಿನಲ್ಲಿ ಮನೆಗೆ ಮರಳುವಾಗ ಮಗಳು ನಮ್ಮ ನಾಯಿಯನ್ನು ತೋರಿಸಿ ಕೇಳಿದಳು.

"ಓಡ್ತೈತಿ," ಎಂದೆ. ನನಗೆ ಅನುಮಾನವೇ ಇರಲಿಲ್ಲ.