ಹುರುಳಿ ಹಾಸಿದ ರಸ್ತೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ದಿನ ಆದದ್ದರಲ್ಲಿ ಅರ್ಧ ತಪ್ಪು ನನ್ನ ಸಿಟ್ಟಿನದು, ಇನ್ನರ್ಧ ನನ್ನ ಬಡಾಯಿಯದು. ತರೀಕೆರೆಯಲ್ಲಿ ನನ್ನದೊಂದು ಕಾರಿನ ಬಿಡಿಭಾಗಗಳ ಅಂಗಡಿ ಇದೆ. ನನ್ನ ಹತ್ತಿರ ಬೈಸಿಕೊಂಡು ಹೋದ ಗಿರಾಕಿಗಳು ಮಾರನೇ ದಿನ ತಿರುಗಿ ಬರುತ್ತಾರೆ. ಅದು ನನ್ನ ಮೇಲಿನ ಪ್ರೀತಿಗಲ್ಲ, ಅವರಿಗೆ ಬೇಕಾದ ಸಾಮಾನು ಹತ್ತಿರದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ.

ಅಂಗಡಿ ಹೊಟ್ಟೆಪಾಡಿಗೆ. ಹುಚ್ಚು ಮಾತ್ರ ರ‍್ಯಾಲಿಯದು. ಹತ್ತು ವರ್ಷ ಕಂಡವರ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ದಾರಿಪುಸ್ತಕ ಇಟ್ಟುಕೊಂಡು, 'ಇನ್ನೂರು ಮೀಟರಿಗೆ ಎಡಕ್ಕೆ, ನಿಧಾನ, ನಿಧಾನ' ಎಂದು ಹೇಳುತ್ತಾ ಊರೂರು ತಿರುಗಿದ್ದೇನೆ. ಡ್ರೈವರಿಗೆ ದಾರಿ ಹೇಳುವವನಿಗೆ ನ್ಯಾವಿಗೇಟರ್ ಅನ್ನುತ್ತಾರೆ. ನನ್ನ ಹೆಂಡತಿ ಅದಕ್ಕೆ 'ಸಂಬಳವಿಲ್ಲದ ಕಂಡಕ್ಟರು' ಅನ್ನುತ್ತಾಳೆ.

ಪಶ್ಚಿಮದ ಕಡಲಿಂದ ಹೊರಟು ಪೂರ್ವದ ಕಡಲವರೆಗೆ ಆರು ದಿನ ನಡೆಯುವ ದೊಡ್ಡ ರ‍್ಯಾಲಿಯೊಂದಿದೆ. ಪ್ರತಿವರ್ಷ ಅದು ನಮ್ಮ ಕಡೂರಿನ ಹೆದ್ದಾರಿಯ ಮೇಲೆ ಹಾದುಹೋಗುತ್ತಿತ್ತು, ಒಮ್ಮೆಯೂ ನಮ್ಮ ಒಳದಾರಿಗಳತ್ತ ತಿರುಗಿರಲಿಲ್ಲ. ನಮಗೂ ಒಂದು ಹೊತ್ತು ಕೊಡಿ ಎಂದು ನಾನು ಅದರ ಮುಖ್ಯಸ್ಥರನ್ನು ಕೇಳದ ವರ್ಷವಿಲ್ಲ. ಅವರು ಬೆಂಗಳೂರಿನವರು, ಒಳ್ಳೆಯ ಮನುಷ್ಯ, ಮಾತು ಮಾತ್ರ ಕತ್ತರಿ. "ನಿಮ್ಮ ಕಡೆ ಏನಿದೆ ಹೇಳಿ?" ಎಂದು ಒಮ್ಮೆ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಏನಿಲ್ಲ ನಮ್ಮ ಕಡೆ? ಕಾಡಿನ ಅಂಚಿನ ತಿರುವುಗಳಿವೆ, ಎರೆಮಣ್ಣಿನ ಬಯಲಿದೆ, ಗೆರೆ ಎಳೆದಂಥ ಕೆರೆ ಏರಿಗಳಿವೆ. ಕೊನೆಗೊಂದು ವರ್ಷ ನನ್ನ ಕಾಟ ತಡೆಯಲಾರದೆ ಒಪ್ಪಿದರು. "ಒಂದು ಬೆಳಗ್ಗೆ ಕೊಡ್ತೀನಿ. ಎಲ್ಲಾ ಸರಿಹೋದರೆ ಪ್ರತಿವರ್ಷ ನಿಮ್ಮದೇ. ಆದರೆ ದಾರಿ ಕಟ್ಟಿ ಕಾರುಗಳು ನಿಂತುಹೋದರೆ ಅಲ್ಲಿಗೆ ಮುಗೀತು. ಮತ್ತೆ ನೀವು ಕೇಳಬಾರದು, ನಾನು ಕೊಡಬಾರದು."

ಇದು ವೇಗದ ಪಂದ್ಯವಲ್ಲ ಎಂದು ನಾನು ಎಷ್ಟು ಜನಕ್ಕೆ ಬಿಡಿಸಿ ಹೇಳಿದೆನೋ ಲೆಕ್ಕವಿಲ್ಲ. ಇಂತಿಷ್ಟು ದೂರಕ್ಕೆ ಇಂತಿಷ್ಟು ಸರಾಸರಿ ವೇಗ ಎಂದು ಕೊಟ್ಟಿರುತ್ತೇವೆ. ಗೊತ್ತಾದ ಕ್ಷಣಕ್ಕೆ ಗೊತ್ತಾದ ಜಾಗ ಮುಟ್ಟಬೇಕು. ತಡವಾದರೂ ದಂಡದ ಅಂಕ, ಬೇಗ ಹೋದರೂ ದಂಡದ ಅಂಕ. ಸಮಯ ಬರೆದುಕೊಳ್ಳುವವರು ಎಲ್ಲಿ ಅಡಗಿ ಕೂತಿದ್ದಾರೆಂದು ಓಡಿಸುವವರಿಗೆ ಗೊತ್ತಿರುವುದಿಲ್ಲ. ಅಂಥ ಅಡಗುತಾಣ ಹುಡುಕುವುದೇ ದಾರಿ ಮಾಡುವವನ ಕೈಚಳಕ.

ನಾನು ಮೂರು ತಿಂಗಳು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದೆ. ತರೀಕೆರೆಯಿಂದ ಹೊರಟು ಅಮೃತಾಪುರದ ಮೇಲೆ ಅಜ್ಜಂಪುರ, ಅಲ್ಲಿಂದ ಶಿವನಿ, ಶಿವನಿಯಿಂದಾಚೆ ಹಳ್ಳಿದಾರಿಗಳಲ್ಲಿ ಸುತ್ತಿ ಊಟದ ಹೊತ್ತಿಗೆ ಕಡೂರು. ರೈಲ್ವೆ ಗೇಟು ಹಾಕಿದರೆ ಕಾರುಗಳು ನಿಲ್ಲುತ್ತವಲ್ಲ, ಅದಕ್ಕೆ ಒಂದು ವಾರ ಗೇಟಿನ ಹತ್ತಿರ ನಿಂತು ಯಾವ ರೈಲು ಎಷ್ಟು ಹೊತ್ತಿಗೆ ಎಂದು ಬರೆದುಕೊಂಡೆ. ಕುರಿಮಂದೆ ಯಾವ ಹೊತ್ತಿಗೆ ರಸ್ತೆ ದಾಟುತ್ತದೆ ಎಂಬುದೂ ನನ್ನ ಪುಸ್ತಕದಲ್ಲಿತ್ತು. ಶಿವನಿಯಾಚೆಯ ಒಂದು ಊರು ದಾಟಿದ ಕೂಡಲೇ ಕೆರೆ ಏರಿಯ ಮೇಲೆ ಒಂದು ತಿರುವು ಸಿಕ್ಕಿತು. ಅದರ ಹಿಂದೆ ಒಂದು ಟೆಂಪೊ ನಿಲ್ಲಿಸಿದರೆ ಹತ್ತಿರ ಬರುವವರೆಗೂ ನರಪಿಳ್ಳೆಗೆ ಕಾಣುವುದಿಲ್ಲ. ಇಡೀ ದಿನದ ಗೆಲುವು ಸೋಲು ಅಲ್ಲೇ ತೀರ್ಮಾನವಾಗುವಂಥ ಜಾಗ. ಅವತ್ತು ಆ ಏರಿಯ ಮೇಲೆ ಒಬ್ಬನೇ ನಿಂತು ನಕ್ಕುಬಿಟ್ಟೆ.

ಆ ಊರು ನನ್ನ ಅಕ್ಕನ ಗಂಡನ ಮನೆ ಇರುವ ಊರು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮವ್ವ ಹೊಲಕ್ಕೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ರ‍್ಯಾಲಿಗೆ ಎರಡು ವಾರ ಇರುವಾಗ ಅವಳ ಮನೆಗೆ ಹೋದೆ. ಜಗಲಿಯ ಮೇಲೆ ನಕ್ಷೆ ಹರಡಿ ನನ್ನ ಪ್ರವರ ಶುರುಮಾಡಿದೆ.

"ಬೇಗ ಬಂದೋರಿಗೂ ದಂಡಾನಾ? ಇದೆಂಥಾ ಆಟಾನೋ ನಿಂದು?" ಎಂದಳು. ಆಮೇಲೆ, "ಎಷ್ಟ್ ಕಾರು ಬತ್ತವೆ?" ಎಂದು ಕೇಳಿದಳು.

"ನಲವತ್ತೆರಡು ಕಣಕ್ಕ! ನಿಮಿಷಕ್ಕೊಂದು. ಮೊದಲ್ನೇದು ಹತ್ತೂ ನಲವತ್ತಕ್ಕೆ ಸರಿಯಾಗಿ ನಿನ್ನ ಮನೆ ಮುಂದೆ."

"ಎಲ್ಲಾವೂ ಇದೇ ರೋಡಲ್ಲಾ?"

"ಇದೇ ರೋಡಲ್ಲಿ."

"ಬಸ್ಸು?"

"ಅವತ್ತು ಮಧ್ಯಾಹ್ನದ ತನಕ ಬಸ್ಸೂ ಇಲ್ಲ, ಲಾರಿನೂ ಇಲ್ಲ. ಆ ಕಡೆ ರೋಡಿಗೆ ತಿರುಗಿಸ್ತಾರೆ. ಪರ್ಮಿಷನ್ ತಗೊಂಡಿದೀನಿ."

ಒಳಗಿಂದ ಅವಳ ಮಾವ, "ಅಮಲ್ದಾರ್ರು ಒಪ್ಪವ್ರಾ?" ಎಂದು ಕೂಗಿದರು. ಒಪ್ಪಿದ್ದಾರೆ ಎಂದೆ. ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿ, "ನಲವತ್ತೆರಡು ಅಂದ್ರೆ ಸಾಕು ಬಿಡು," ಎಂದಳು. ತಮ್ಮನ ಸಾಧನೆಗೆ ಬೆರಗಾಗಿದ್ದಾಳೆ ಎಂದುಕೊಂಡು ನಾನು ಇನ್ನೊಂದು ಲೋಟ ಕಾಫಿ ಕುಡಿದು ಎದ್ದೆ. ಯಾತಕ್ಕೆ ಸಾಕು ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ರ‍್ಯಾಲಿಯ ದಿನ ಬಂತು. ಜನವರಿ ತಿಂಗಳು, ಆದರೂ ಹಿಂದಿನ ದಿನದಿಂದ ಮೋಡ ಕವಿದಿತ್ತು. ದಾರಿ ಸರಿಯಾಗಿದೆಯೇ ಎಂದು ನೋಡುತ್ತಾ ಮುಕ್ಕಾಲು ಗಂಟೆ ಮೊದಲು ಹೋಗುವ ಗಾಡಿ ನನ್ನ ಹಳೆಯ ಜೀಪು. ನನ್ನ ಹಿಂದೆ ಸಖರಾಯಪಟ್ಟಣದ ಗೆಳೆಯ. ಅವನು ತೆಂಗಿನಕಾಯಿ ವ್ಯಾಪಾರಿ, ಏರಿಯ ಮೇಲೆ ಅಡಗಿ ಕೂತು ಸಮಯ ಬರೆಯಬೇಕಾದವನು, ಅದಕ್ಕೆ ತನ್ನ ಟೆಂಪೊ ತಂದಿದ್ದ. ಅವನ ಹಿಂದೆ ಮುಖ್ಯಸ್ಥರ ಕಾರು. ಅಮೃತಾಪುರ ಆಯಿತು, ಅಜ್ಜಂಪುರ ಆಯಿತು, ಶಿವನಿಯ ಗೇಟು ತೆರೆದೇ ಇತ್ತು. ನಾನು ಸಿಳ್ಳೆ ಹಾಕುತ್ತಾ ಅಕ್ಕನ ಊರಿಗೆ ತಿರುಗಿದೆ.

ರಸ್ತೆ ಕಾಣಲಿಲ್ಲ. ಊರಿನ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ, ಈ ಅಂಚಿನಿಂದ ಆ ಅಂಚಿಗೆ, ಮೊಣಕಾಲುದ್ದ ಹುರುಳಿ ಹಾಸಿತ್ತು. ಐದು ಮನೆಯ ಬೆಳೆ. ಎರಡೂ ಬದಿ ಜನ ಕವೆಗೋಲು ಹಿಡಿದು, ಪೊರಕೆ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರ ಮುಂದೆ, ತಲೆಗೆ ಟವೆಲ್ ಕಟ್ಟಿಕೊಂಡು, ಮದುವೆ ಮನೆಯ ಯಜಮಾನಿತಿಯ ಹಾಗೆ ನನ್ನ ಅಕ್ಕ.

ನಮ್ಮ ಕಡೆ ಇದು ಹೊಸದಲ್ಲ. ಕಣ ಮಾಡುವವರು ಕಡಿಮೆಯಾದ ಮೇಲೆ ಟಾರು ರಸ್ತೆಯೇ ಕಣ. ಹುರುಳಿ, ರಾಗಿ ಏನೇ ಇರಲಿ ರಸ್ತೆಗೆ ಹಾಸಿದರೆ ಹೋಗಿಬರುವ ಬಸ್ಸು ಲಾರಿಯ ಚಕ್ರಕ್ಕೆ ಸಿಕ್ಕಿ ಕಾಳು ಉದುರುತ್ತದೆ. ಪೊಲೀಸರು ಬೈಯುತ್ತಾರೆ, ಜನ ಹಾಸುತ್ತಾರೆ. ಚಿಕ್ಕವನಿದ್ದಾಗ ನಾನೇ ಅಕ್ಕನ ಜೊತೆ ರಸ್ತೆ ಬದಿ ಕೂತು ಬಸ್ಸಿಗೆ ಕಾದಿದ್ದೇನೆ. ಅಷ್ಟೇ ಅಲ್ಲ, ಸುಗ್ಗಿಯಲ್ಲಿ ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು, ಸೈಲೆನ್ಸರ್ ಕಾವಿಗೆ ಹೊತ್ತಿ, ವೈರು ಸುಟ್ಟುಕೊಂಡು ನನ್ನ ಅಂಗಡಿಗೆ ಬರುವ ಗಿರಾಕಿಗಳಿದ್ದಾರೆ. ಕುರಿಮಂದೆಯ ಹೊತ್ತು ಬರೆದುಕೊಂಡವನು ಹುರುಳಿಯನ್ನು ಮರೆತಿದ್ದೆ.

ಜೀಪಿನಿಂದ ಹಾರಿ ಇಳಿದೆ. "ಏನಕ್ಕ ಇದು? ತಲೆ ಕೆಟ್ಟಿದ್ಯಾ ನಿಂಗೆ?"

"ಯಾಕೋ? ನೀನೇ ಹೇಳಿದ್ದಲ್ವಾ, ಬಸ್ಸಿಲ್ಲ, ನನ್ನ ಕಾರು ಬತ್ತವೆ ಅಂತ. ಮೋಡ ಬೇರೆ ಆಗೈತೆ. ನಮ್ ತಮ್ಮನ ನಲವತ್ತೆರಡು ಕಾರು ಹರಿದ್ರೆ ಒಂದೇ ಏಟಿಗೆ ಒಕ್ಕಣೆ ಮುಗೀತದೆ, ಹಾಸ್ರಪ್ಪಾ ಅಂತ ನಾನೇ ಎಲ್ಲಾರ್ಗೂ ಹೇಳ್ದೆ."

"ಒಕ್ಕಣೆ ಮಾಡಕ್ಕೆ ಬತ್ತಾ ಇಲ್ಲ ಅವ್ರು! ಆ ಕಾರುಗಳು ನೆಲಕ್ಕೆ ಅಂಟ್ಕೊಂಡಂಗೆ ಇರ್ತವೆ, ಬೆಂಕಿ ಹತ್ತತದೆ! ಮೂರು ತಿಂಗಳ ಕೆಲಸ ಹಾಳು ಮಾಡ್ಬಿಟ್ಟೆಯಲ್ಲೇ! ಎತ್ತು ಮೊದಲು, ಎತ್ತು ಎಲ್ಲಾನೂ!"

ಅವಳ ಗಂಡನ ಊರು, ಅವಳ ಬೀದಿ, ಅವಳ ಓರಗಿತ್ತಿಯರು. ಅಷ್ಟೂ ಜನರ ಎದುರಿಗೆ ಹೀಗೆ ಕಿರುಚಿದೆ. ಅಕ್ಕ ತಿರುಗಿ ಜನರ ಕಡೆ ನಡೆದಳು. ಅಷ್ಟರಲ್ಲಿ ಮುಖ್ಯಸ್ಥರು ಇಳಿದು ಬಂದು ನೋಡಿ ಹಣೆ ಉಜ್ಜಿಕೊಂಡರು. "ಮೊದಲ ಕಾರಿಗೆ ಇನ್ನು ನಲವತ್ತು ನಿಮಿಷ ಇದೆ. ಅಷ್ಟರಲ್ಲಿ ತೆಗೆಸಿದರೆ ಸರಿ. ಇಲ್ಲದಿದ್ದರೆ ಈ ಭಾಗ ರದ್ದು ಮಾಡ್ತೀನಿ. ಉಳಿದದ್ದು ನಿಮಗೆ ಗೊತ್ತೇ ಇದೆ."

ನಲವತ್ತು ನಿಮಿಷ ಧಾರಾಳವಾಗಿ ಸಾಕಿತ್ತು. ಇಪ್ಪತ್ತು ಜನ ಇದ್ದರು, ಆಗಲೇ ಕವೆಗೋಲು ಆಡತೊಡಗಿತ್ತು. ನನ್ನ ರ‍್ಯಾಲಿ ಉಳಿಯಿತು ಎಂದುಕೊಂಡೆ. ಆಗ ಅಕ್ಕನ ದನಿ ಕೇಳಿಸಿತು. ಅವಳು ಮನೆಯಿಂದ ಮನೆಗೆ ಹೋಗಿ ಕೈಮುಗಿಯುತ್ತಿದ್ದಳು.

"ಎತ್ಕಳ್ರವ್ವಾ. ನನ್ ಮಾತು ಕೇಳಿ ಹಾಸಿದ್ರಿ. ತಪ್ಪಾಯ್ತು ನಂದು. ನಮ್ಮವನು ಅಂತ ಹೇಳ್ಬಿಟ್ಟೆ."

ಮುದುಕರೊಬ್ಬರು ಮೋಡ ನೋಡಿ, "ಇವತ್ತು ನೆನೆದ್ರೆ ಮೊಳಕೆ ಬತ್ತದೆ ಕಣವ್ವಾ," ಎಂದು ಮೆಲ್ಲಗೆ ಅಂದರು, ಬೈಯಲೂ ಇಲ್ಲ. ಬಸ್ಸನ್ನು ಆ ದಾರಿಯಿಂದ ತಪ್ಪಿಸಿದವನು ನಾನು. ಬಸ್ಸಿದ್ದಿದ್ದರೆ ಅವರಿಗೆ ನನ್ನ ಕಾರುಗಳು ಬೇಕೇ ಇರಲಿಲ್ಲ. ಅವರ ಕಣ ನಾನು ತಂದಿಟ್ಟ ಪರ್ಮಿಷನ್ ಕಾಗದದಿಂದ ಬಂದ್ ಆಗಿತ್ತು, ಅದರ ಮೇಲೆ ಬೈದದ್ದೂ ನಾನೇ.

"ಸಾರ್, ರದ್ದು ಮಾಡಿ," ಎಂದೆ.

"ಏನಂದ್ರಿ?"

"ರದ್ದು ಮಾಡಿ ಸಾರ್. ಕಾರುಗಳನ್ನ ಊರಾಚೆ ನಿಲ್ಲಿಸಿ. ಆಮೇಲೆ ಆರಾಮಾಗಿ ಕಡೂರಿಗೆ ಕರ್ಕೊಂಡು ಹೋಗೋಣ."

"ಯೋಚನೆ ಮಾಡಿ ಹೇಳ್ತಿದ್ದೀರಾ?"

"ಯೋಚನೆ ಮಾಡಿದ್ರೆ ಬಾಯಿ ಬರಲ್ಲ ಸಾರ್, ಈಗಲೇ ಮಾಡಿ."

ಅವರು ಫೋನ್ ಹಚ್ಚಿದರು. ನಾನು ಜೀಪು ಹತ್ತಿದೆ. ಜೀಪು ಎತ್ತರದ ಗಾಡಿ, ಟೆಂಪೊನೂ ಹಾಗೇ. "ಎತ್ತಬೇಡ್ರೋ, ಬಿಡ್ರಿ!" ಎಂದು ಕೂಗಿ ಹುರುಳಿಯ ಮೇಲೆ ಹತ್ತಿಸಿದೆ. ಗೆಳೆಯ ಹಿಂದೆ ಬಂದ. ಆ ತುದಿಗೆ ಹೋಗುವುದು, ತಿರುಗುವುದು, ಈ ತುದಿಗೆ ಬರುವುದು. ನಾಲ್ಕು ಸುತ್ತಿಗೊಮ್ಮೆ ನಿಂತು, ಕೆಳಗೆ ನುಸುಳಿ ಆಕ್ಸಲ್‌ಗೆ ಸುತ್ತಿದ ಬಳ್ಳಿ ಬಿಡಿಸುವುದು. ಕಾಯಿ ಒಡೆಯುವ ಚಟಪಟ ಸದ್ದು ಕೇಳಿ ಹೆಂಗಸರು ಕವೆಗೋಲು ಹಾಕಿ ತಿರುವತೊಡಗಿದರು. ಊರಾಚೆ ಒಂದೊಂದೇ ಬಂದು ನಿಂತ ಬಣ್ಣಬಣ್ಣದ ಕಾರುಗಳಿಂದ ಜನ ಇಳಿದು ನೋಡುತ್ತಿದ್ದರು. ಕೆಲವರು ಗೊಣಗಿದರು, ಅದು ಅವರ ಹಕ್ಕು. ಕರಾವಳಿಯಿಂದ ಬಂದಿದ್ದ ನ್ಯಾವಿಗೇಟರ್ ಹೆಂಗಸೊಬ್ಬರು ಬಂದು ಪೊರಕೆ ಇಸಿದುಕೊಂಡರು. ಗುಡಿಸಲು ಬರುತ್ತಿರಲಿಲ್ಲ, ಕಾಳನ್ನೆಲ್ಲ ಚರಂಡಿಗೆ ತಳ್ಳುತ್ತಿದ್ದರು, ಊರಿನ ಹೆಂಗಸರು ನಗುತ್ತಲೇ ಅದನ್ನು ಅವರ ಕೈಯಿಂದ ಕಿತ್ತುಕೊಂಡರು.

ಒಂದು ಗಂಟೆಯ ಮೇಲಾಯಿತು. ರಸ್ತೆ ಬರಿದಾದಾಗ ಕಾರುಗಳು ಮೆಲ್ಲಗೆ ಹೊರಟವು. ಕೆರೆ ಏರಿಯ ಆ ತಿರುವಿನಲ್ಲಿ ಯಾರೂ ಅಡಗಿ ಕೂತಿರಲಿಲ್ಲ. ನಲವತ್ತೆರಡು ಕಾರೂ ಅದನ್ನು ಸುಮ್ಮನೆ ದಾಟಿ ಹೋದವು.

ಕಡೂರಿನಲ್ಲಿ ಊಟಕ್ಕೆ ಕೂತಾಗ ಮಳೆ ಹನಿಯಿತು. ಮುಖ್ಯಸ್ಥರು ನನ್ನ ಕೈ ಹಿಡಿದು, "ದಾರಿ ತುಂಬಾ ಚೆನ್ನಾಗಿದೆ ರೀ. ನಿಮ್ಮ ಕಡೆ ಏನಿದೆ ಅಂತ ಕೇಳಿದ್ದೆನಲ್ಲ, ಆ ಪ್ರಶ್ನೆ ವಾಪಸ್ ತಗೋತೀನಿ. ಆದರೆ..." ಎಂದರು. ಮುಂದಿನದು ಕೇಳುವ ಅಗತ್ಯವಿರಲಿಲ್ಲ. ಕಾರುಗಳೆಲ್ಲ ಪೂರ್ವಕ್ಕೆ ಹೋದ ಮೇಲೆ ಜೀಪಿನಲ್ಲಿ ಒಬ್ಬನೇ ಕೂತೆ, ಕಣ್ಣಲ್ಲಿ ನೀರು ಬಂತು. ಹತ್ತು ವರ್ಷದ ಆಸೆ, ಅಳದೆ ಏನು ಮಾಡಲಿ?

ಅಕ್ಕನಿಗೆ ಇದನ್ನು ಹೇಳಲಿಲ್ಲ. ಮುಂದಿನ ಸುಗ್ಗಿ ಹತ್ತಿರ ಬಂದಾಗ ಅವಳದೇ ಫೋನು.

"ಲೇ, ಈ ಸಲ ನಿನ್ ಕಾರು ಯಾವತ್ತು? ಊರೋರೆಲ್ಲ ಕೇಳ್ತಾವ್ರೆ. ಈ ಸಲ ನಾವು ಅದ್ರ ಹಿಂದಿನ್ ದಿನಾನೇ ಮುಗಿಸ್ಕಂಡು ರೋಡು ಗುಡಿಸಿ ಇಡ್ತೀವಿ. ನಿನ್ ಆಟ ಕೆಡಬಾರ್ದು."

ಇನ್ನು ಕಾರು ಬರುವುದಿಲ್ಲ ಎನ್ನುವ ಬದಲು, "ಭಾನುವಾರ ಬತ್ತೀವಿ. ಶನಿವಾರ ಏನೂ ಮಾಡ್ಬೇಡಿ, ಭಾನುವಾರವೇ ಹಾಸಿ," ಎಂದುಬಿಟ್ಟೆ.

ಭಾನುವಾರ ನಾನೂ ಗೆಳೆಯನೂ ಹೋದೆವು, ಒಂದು ಜೀಪು, ಒಂದು ಟೆಂಪೊ. ಹುರುಳಿ ಹಾಸಿತ್ತು. ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ನನ್ನ ಹಿಂದಿನ ರಸ್ತೆಯನ್ನು ನೋಡಿದಳು.

"ಎಲ್ಲೋ ಬಾಕಿಯವು?"

"ಬರಲ್ಲ ಕಣಕ್ಕ. ಇನ್ ಯಾವತ್ತೂ ಬರಲ್ಲ. ಹೋದ್ ವರ್ಷವೇ ಹೇಳಿದ್ರು."

ಅವಳು ಕವೆಗೋಲು ನೆಲಕ್ಕೆ ಊರಿದಳು. "ನಮ್ ಹುರುಳಿ ದೆಸೆಯಿಂದನಾ?"

ನಾನು ಬಗ್ಗಿ ಜೀಪಿನ ಚಾವಿ ತಿರುಗಿಸಿದೆ. ಅವಳು ಕವೆಗೋಲನ್ನು ಬೇಲಿಗೆ ಒರಗಿಸಿದಳು. ಟವೆಲಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸುತ್ತು ಹಾಕಿ ಬಂದು, ಸೀರೆ ಎತ್ತಿ ಹಿಡಿದು, ಜೀಪಿನ ಪಕ್ಕದ ಸೀಟಿಗೆ ಹತ್ತಿ ಕೂತಳು.

"ನಡಿ. ಮೊದ್ಲು ಎಡಗಡೆ ತಗೋ, ಅಲ್ಲಿ ದಪ್ಪ ಐತೆ," ಎಂದಳು. ಗೇರು ಹಾಕಿದೆ. "ನಿಧಾನಕ್ಕೋ. ಬೇಗ ಹೋದ್ರೂ ದಂಡ ಅಂತ ನೀನೇ ಹೇಳಿದ್ದಲ್ವಾ?"